ಧನರಾಜನಿಗೇ ಇಲ್ಲದ ಕಾಲುನೋವು

ನನ್ನ ಅಣ್ಣನಿಗೆ ಕಾಲಿಲ್ಲ ಎಂದು ಯಾರೂ ತಿಳಿಯಬೇಡಿ. ಕಾಲುಗಳಿವೆ. ಎರಡೂ ಇವೆ, ಲಕ್ಷಣವಾಗಿಯೇ ಇವೆ. ಹೇಳಿದ ಮಾತು ಕೇಳುವುದಿಲ್ಲ, ಅಷ್ಟೆ. ಅವನು ಹುಟ್ಟುವ ದಿನ ನಮ್ಮೂರು ನೆರಿಯದಿಂದ ಆಸ್ಪತ್ರೆಗೆ ಜೀಪು ಸಿಗುವುದು ತಡವಾಯಿತು. ಜೀಪು ತಡವಾದದ್ದಕ್ಕೆ ಉಸಿರೂ ತಡವಾಯಿತು. ಅಂದಿನಿಂದ ಧನರಾಜ್ ಕೂತಿದ್ದಾನೆ. ಮೂವತ್ತು ವರ್ಷದಿಂದ ಕೂತೇ ಇದ್ದಾನೆ. ಇಡೀ ಬೆಳ್ತಂಗಡಿ ತಾಲೂಕಿನಲ್ಲಿ ಅವನಿಗಿಂತ ಹೆಚ್ಚು ಹೊತ್ತು ಕೂತವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನೋಡುವ.

ಅಂಥವನ ಫೋಟೋ ತೋರಿಸಿ ನಮ್ಮನ್ನು ನಿಲ್ಲಿಸಿದರು. ನಾನು ಹೇಳಲು ಹೊರಟದ್ದು ಅದನ್ನೇ. ಸಿಟ್ಟಿನಲ್ಲೇ ಹೇಳುತ್ತೇನೆ. ನಿಮಗೆ ನಗು ಬಂದರೆ ನಗಿ, ನನಗೆ ಬೇಜಾರಿಲ್ಲ.

ನಮ್ಮ ಮನೆಯಲ್ಲಿ ಒಂದು ಶಬ್ದವನ್ನು ಯಾರೂ ತಮಗೆಂದು ಹೇಳುವಂತಿರಲಿಲ್ಲ. ಬಂಙ. ತುಳುವಿನಲ್ಲಿ ಕಷ್ಟಕ್ಕೂ ಅದೇ, ಸುಸ್ತಿಗೂ ಅದೇ, ಮೈ ಮುರಿದು ಮಾಡುವ ದುಡಿಮೆಗೂ ಅದೇ. ಅಪ್ಪ ಪದ್ಮಯ್ಯ ಬೇರೆಯವರ ರಬ್ಬರ್ ತೋಟದಲ್ಲಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮುಗಿಸಿ ಬಂದು ಸೊಂಟ ಹಿಡಿದು ಕೂರುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಸೇಸಮ್ಮ ಧನರಾಜನ ಕಡೆಗೆ ನೋಡುತ್ತಿದ್ದಳು. ಅಪ್ಪ ಬಾಯಿ ಮುಚ್ಚುತ್ತಿದ್ದ. ನಾನು ಜ್ವರ ಎಂದು ಚಾಪೆ ಬಿಟ್ಟು ಏಳದಿದ್ದರೆ ಅಮ್ಮನದು ಒಂದೇ ಮಾತು.

"ಒಂದು ಅಂಗಿ ಹಾಕ್ಲಿಕ್ಕೆ ಅವನು ಎಷ್ಟು ಬಂಙ ಬರ್ತಾನೆ ನೋಡು. ನಿನಗೆ ಎಂತ ಧಾಡಿ?"

ನಾನು ನೋಡುತ್ತಿದ್ದೆ. ಅವನ ಕೈ ಅಂಗಿಯ ತೋಳನ್ನು ಹುಡುಕುತ್ತಿತ್ತು, ಸಿಗುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಹುಡುಕುತ್ತಿತ್ತು. ನಾನು ಎದ್ದು ಜ್ವರದಲ್ಲೇ ಶಾಲೆಗೆ ಹೋಗುತ್ತಿದ್ದೆ.

ಹಾಗೆ ಬೆಳೆದವಳ ಮುಂದೆ ಬಂದು ಯಾರಾದರೂ ಸುಸ್ತು ಎಂದರೆ ನನಗೆ ಎಲ್ಲಿಂದ ಬರಬೇಕು ಕನಿಕರ? ಪರೀಕ್ಷೆಗೆ ತುಂಬಾ ಕಷ್ಟಪಟ್ಟೆ ಎಂದು ಅತ್ತ ಗೆಳತಿಯ ಹತ್ತಿರ ನಾನು ಮಾತು ಬಿಟ್ಟೆ. ವಾಕಿಂಗ್ ಹೋಗಿ ಬಂದು ಉಸ್ಸಪ್ಪಾ ಎನ್ನುವವರನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಕೂರುವಾಗ 'ಅಬ್ಬಾ' ಎನ್ನುವ ಹೆಂಗಸರಂತೂ ನನಗೆ ಆಗುವುದೇ ಇಲ್ಲ. ನಿಮ್ಮ ಕಾಲು ನೀವು ಹೇಳಿದ ಕಡೆ ಹೋಗುತ್ತದೆ, ಮಡಚು ಎಂದರೆ ಮಡಚುತ್ತದೆ, ಇನ್ನು ಎಂತದು ಅಬ್ಬಾ?

ತಮಾಷೆ ಎಂದರೆ ಧನರಾಜನಿಗೆ ಈ ಲೆಕ್ಕ ಒಂದೂ ಗೊತ್ತಿರಲಿಲ್ಲ. ಬಂಙ ಎಂಬ ಶಬ್ದವನ್ನು ಅವನು ಒಂದು ದಿನವೂ ತನಗೆಂದು ಬಳಸಿದವನಲ್ಲ. "ನನಗೆ ಎಂತ ಬಂಙ? ಎತ್ತುವವರು ನೀವು" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನು ದೊಡ್ಡ ಸೋಮಾರಿ. ಹಲಸಿನ ತೊಳೆ ಬಿಡಿಸಿ ಬಾಯಿಗೆ ಇಟ್ಟರೂ ಬೀಜವನ್ನು ನಮ್ಮ ಕೈಗೇ ಉಗಿಯುತ್ತಾನೆ. ಮೊಬೈಲಿನಲ್ಲಿ ಕಬಡ್ಡಿ ನೋಡುತ್ತಾನೆ, ಆಡುವವರಿಗೆ ಬೈಯುತ್ತಾನೆ. ಮನೆಯಲ್ಲಿ ಅವನ ಪಾಲಿಗೆ ಇರುವುದು ಒಂದೇ ಕೆಲಸ. ಜಗಲಿಯಲ್ಲಿ ಕೂತು, ಬಂದವರಿಗೆ "ಬಲೆ, ಕುಲ್ಲುಲೆ" ಎನ್ನುವುದು. ಬನ್ನಿ, ಕೂತುಕೊಳ್ಳಿ. ನಮ್ಮ ಕಡೆ ಯಾರು ಬಂದರೂ ಮೊದಲು ಆ ಮಾತು, ಆಮೇಲೆ ನೀರು ಬೆಲ್ಲ, ಆಮೇಲೆ ಬಂದ ವಿಷಯ. ಧನರಾಜನ ನಾಲಿಗೆಯಲ್ಲಿ 'ಕ' ಏಳುವುದಿಲ್ಲ, 'ಗ' ಆಗುತ್ತದೆ. ಕಾಫಿ ಗಾಫಿ ಆಗುತ್ತದೆ, ಕುಲ್ಲುಲೆ ಗುಲ್ಲುಲೆ ಆಗುತ್ತದೆ. ಮೀಟರ್ ನೋಡಲು ಬಂದವನಿಗೆ ಗುಲ್ಲುಲೆ, ಸಾಲ ಕೇಳಲು ಬಂದ ಬ್ಯಾಂಕಿನವರಿಗೆ ಗುಲ್ಲುಲೆ. ಒಮ್ಮೆ ಬಾಳೆಗೊನೆಗೆ ಬಂದ ಮಂಗಕ್ಕೂ ಹೇಳಿದ್ದಾನೆ. ಅದು ಕೂತಿತು ಕೂಡ.

ನಾನು ಕೆಲಸಕ್ಕಿದ್ದದ್ದು ಮಡಂತ್ಯಾರಿನ ಪ್ರಾಪ್ತಿ ಸಿಲ್ಕ್ಸ್ ಎಂಬ ಬಟ್ಟೆ ಅಂಗಡಿಯಲ್ಲಿ. ಎರಡು ಮಹಡಿ, ಎಸಿ, ಮೂಲೆ ಮೂಲೆಗೂ ಕ್ಯಾಮೆರಾ. ಧಣಿ ಶೇಖರಣ್ಣ ದುಬಾಯಿಯಲ್ಲಿ ಯಾರದೋ ಅಂಗಡಿಯಲ್ಲಿ ಹದಿನೈದು ವರ್ಷ ನಿಂತು ದುಡಿದವರು. ನಿಂತು ದುಡ್ಡು ಮಾಡಿದವರು ಊರಿಗೆ ಬಂದು ಬೇರೆಯವರನ್ನು ನಿಲ್ಲಿಸಿದರು. ಅಂಗಡಿಗೆ ಮಗಳ ಹೆಸರು. ಕ್ಯಾಶಿನಲ್ಲಿ ಹೆಂಡತಿ ಕಾಂತಿಯಕ್ಕ, ತಿರುಗುವ ಕುರ್ಚಿಯಲ್ಲಿ. ಅವರು ಮಾತ್ರ ಕೂರಬಹುದು. ಲಕ್ಷ್ಮಿ ನಿಂತರೆ ಹೊರಟುಹೋಗುತ್ತಾಳಂತೆ, ಅದಕ್ಕೆ.

ನಾವು ಹೊರಟುಹೋಗದವರು. ನಾವು ನಿಲ್ಲಬೇಕು. ಬಾಗಿಲು ತೆರೆದಲ್ಲಿಂದ ಶಟರ್ ಎಳೆಯುವವರೆಗೆ, ಮೆರೂನ್ ಸೀರೆ ಉಟ್ಟು, ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು. ಗಿರಾಕಿ ಬಂದರೆ ನಗು ತಂದುಕೊಂಡು "ಬಲೆ ಅಕ್ಕ, ಕುಲ್ಲುಲೆ" ಎನ್ನಬೇಕು. ದಿನವಿಡೀ ಊರಿಗೆಲ್ಲ ಕುಲ್ಲುಲೆ ಕುಲ್ಲುಲೆ ಎನ್ನುವುದು ನಾವೇ, ನಿಂತಿರುವುದೂ ನಾವೇ. ಮಧ್ಯಾಹ್ನ ಊಟಕ್ಕೆ ಗೋಡೌನಿನ ಬಂಡಲುಗಳ ನಡುವೆ ಜಾಗವಿತ್ತು. ಅಲ್ಲೂ ನಿಂತೇ ಉಣ್ಣಬೇಕು, ಕೂತರೆ ಸೀರೆಗೆ ಸುಕ್ಕು ಬೀಳುತ್ತದೆ. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಸೀಟು ಸಿಕ್ಕರೆ ಪುಣ್ಯ.

ಕ್ಯಾಮೆರಾ ಇಲ್ಲದ ಜಾಗ ಒಂದೇ ಇತ್ತು, ಟ್ರಯಲ್ ರೂಮು. ಅದರೊಳಗೆ ಒಂದು ಕೆಂಪು ಸ್ಟೂಲು. ಹುಡುಗಿಯರು ಕೈಯಲ್ಲಿ ಯಾವುದಾದರೂ ಚೂಡಿದಾರ್ ಹಿಡಿದು ಒಬ್ಬೊಬ್ಬರಾಗಿ ಒಳಗೆ ಹೋಗಿ, ಚೂರು ಹೊತ್ತು ಕೂತು ಬರುತ್ತಿದ್ದರು. ನಾನು ಹೋದವಳಲ್ಲ. ಸಂಜೆಗೆ ಕಾಲು ಚಪ್ಪಲಿಯೊಳಗೆ ಹಿಡಿಯದಷ್ಟು ಬಾತುಕೊಂಡರೂ ಹೋದವಳಲ್ಲ. ಶೇಖರಣ್ಣನಿಗೆ ನನ್ನ ಮೇಲೆ ಬಹಳ ಅಭಿಮಾನ. "ನೆಪ ಹೇಳದವಳು ಅಂತ ಇದ್ರೆ ಮೋಕ್ಷಿತಾ ಒಬ್ಬಳೇ" ಎನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಎಡವಟ್ಟು ಆದದ್ದು ಮಾವನ ಮಗನ ಮದುವೆಗೆ ಧನರಾಜನಿಗೆ ಅಂಗಿ ತೆಗೆಯುವಾಗ. ಜೀಪಿನಲ್ಲಿ ಕರೆದುಕೊಂಡು ಬಂದೆವು. ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಅವನನ್ನು ಕೂರಿಸಿ, ಅಂಗಿ ಕೈಗೆ ಕೊಟ್ಟು, ಬಾಗಿಲು ಎಳೆದು ಹೊರಗೆ ನಿಂತೆ. ಎಷ್ಟು ಹೊತ್ತಾದರೂ ಅವನು ಬಾಗಿಲು ತೆರೆಯಲಿಲ್ಲ. ಶೇಖರಣ್ಣ ಬಂದರು.

"ಒಳಗೆ ಯಾರು?"

"ನನ್ನ ಅಣ್ಣ. ಅಂಗಿಯ ಗುಬ್ಬಿ ಹಾಕ್ತಾ ಇದ್ದಾನೆ."

"ಇಷ್ಟು ಹೊತ್ತು?"

"ಅವನಿಗೆ ಕೈ ಕಾಲು ಸಮ ಇಲ್ಲ. ಆದ್ರೆ ಯಾರ ಸಹಾಯವೂ ಬೇಡ ಅಂತಾನೆ."

ಶೇಖರಣ್ಣನ ಕಣ್ಣು ತುಂಬಿತು. ಕೈಮುಗಿದು ಬಾಗಿಲ ಮುಂದೆ ನಿಂತುಬಿಟ್ಟರು. ಹುಡುಗಿಯರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದರು. ಕಡೆಗೂ ಬಾಗಿಲು ತೆರೆಯಿತು. ಗುಬ್ಬಿಗಳೆಲ್ಲ, ಅಂದರೆ ಬಟನುಗಳೆಲ್ಲ, ಸರಿಯಾಗಿದ್ದವು. ಧನರಾಜ್ ಕಣ್ಣುಜ್ಜಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು, ಶೇಖರಣ್ಣ ಮೊಬೈಲಿನಲ್ಲಿ ಫೋಟೋ ತೆಗೆದರು. ಅವನಿಗೆ ಗಾಬರಿಯಾಯಿತು.

ಹಿಂದಿರುಗುವಾಗ ಜೀಪಿನಲ್ಲಿ ಕೇಳಿದೆ, "ಅಷ್ಟು ಹೊತ್ತು ಎಂತ ಮಾಡಿದ್ದು ಮಾರಾಯ?"

"ಗುಬ್ಬಿ ಬೇಗ ಆಯ್ತು. ಎಸಿ ಲಾಯ್ಗ ಇತ್ತು, ಒಳ್ಳೆ ತಂಪು. ಸ್ಟೂಲೂ ಲಾಯ್ಗ ಇತ್ತು. ನಿದ್ದೆ ಬಂತು."

ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ನಂಬುವವರು ಯಾರು? ಮುಂದಿನ ವಾರ ಅಂಗಡಿಯ ಮೆಟ್ಟಿಲ ಬಳಿ ಗೋಡೆಯುದ್ದದ ಫ್ಲೆಕ್ಸ್ ಬಂತು. ಹೊಸ ಅಂಗಿಯಲ್ಲಿ ಧನರಾಜ್, ಕೆಂಪು ಸ್ಟೂಲಿನ ಮೇಲೆ ಕೂತು ಆಕಳಿಸುವ ಮುಂಚಿನ ಮುಖ. ಕೆಳಗೆ ದಪ್ಪ ಅಕ್ಷರದಲ್ಲಿ: 'ಧನರಾಜನಿಗೇ ಇಲ್ಲದ ಕಾಲುನೋವು ನಿಮಗೆ ಯಾಕೆ?'

ಅಂದಿನಿಂದ ನಮ್ಮ ಅಂಗಡಿಯಲ್ಲಿ ಧನರಾಜ್ ಎಂಬುದು ಮನುಷ್ಯನ ಹೆಸರಾಗಿ ಉಳಿಯಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಫ್ಲೆಕ್ಸಿನ ಮುಂದೆ ಮೌನ. ಅದು ಸತ್ತವರಿಗೆ ಮಾಡುವುದು ಎಂದು ಯಾರೋ ಪಿಸುಗುಟ್ಟಿದರು, ಶೇಖರಣ್ಣ ಕೇಳಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ನಮ್ಮ ಮಾತೆಲ್ಲ ತುಳು, ಉಪದೇಶ ಮಾತ್ರ ಕನ್ನಡ. ತಲೆನೋವು ಎಂದರೆ, "ಧನರಾಜನಿಗೆ ತಲೆ ಇಲ್ಲವಾ?" ರಜೆ ಕೇಳಿದರೆ, "ಧನರಾಜ್ ತನ್ನ ಕಷ್ಟಕ್ಕೆ ಒಂದು ದಿನ ರಜೆ ತಗೊಂಡಿದ್ದಾನಾ?" ಹೊಟ್ಟೆನೋವಿನ ದಿನ ಬಾತ್‌ರೂಮಿಗೆ ಎರಡನೇ ಸಲ ಹೊರಟ ಹುಡುಗಿಗೆ, "ಧನರಾಜ್ ಎಷ್ಟು ಹೊತ್ತು ತಡೀತಾನೆ ಅಂತ ಅವನ ತಂಗಿಯನ್ನು ಕೇಳು." ಆ ಹುಡುಗಿ ನಿಜವಾಗಿ ನನ್ನನ್ನು ಕೇಳಿದಳು. ನಾನು ಎಂತ ಹೇಳಲಿ? ಅವನು ಒಂದು ನಿಮಿಷ ತಡೆಯುವುದಿಲ್ಲ, ಕೂಗಿ ಊರು ಒಟ್ಟು ಮಾಡುತ್ತಾನೆ.

ಸ್ವರ್ಣಲತಾ ಬಂಟ್ವಾಳದ ಕಡೆಯವಳು, ನಮಗೆಲ್ಲ ಸ್ವರ್ಣಕ್ಕ. ನಮ್ಮ ನಡುವೆ ದೊಡ್ಡವಳು, ರೇಷ್ಮೆ ವಿಭಾಗದಲ್ಲಿ ನಿಲ್ಲುತ್ತಿದ್ದಳು. ಅವಳ ಮೀನಖಂಡದಲ್ಲಿ ನೀಲಿ ನರಗಳು ಗಂಟು ಗಂಟಾಗಿ ಎದ್ದಿದ್ದವು. ಒಂದು ಸಲ ಗಂಟು ಒಡೆದು ಸೀರೆಯ ಅಂಚು ಒದ್ದೆಯಾಯಿತು. ಸೀರೆ ಮೆರೂನ್, ಹಾಗಾಗಿ ರಕ್ತ ಎಂದು ಗಿರಾಕಿಗಳಿಗೆ ಗೊತ್ತಾಗಲಿಲ್ಲ. ನಾನು ನೋಡಿದ್ದೆ. ಕಾಲು ಉಂಟಲ್ಲ, ನಡೀತದಲ್ಲ, ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಟ್ರಯಲ್ ರೂಮಿನ ಬಾಗಿಲನ್ನು ಕಾಂತಿಯಕ್ಕ ಎಳೆದು ತೆರೆದರು. ಒಳಗೆ ಸ್ವರ್ಣಕ್ಕ, ಗೋಡೆಗೆ ತಲೆಯಾನಿಸಿ, ಕಾಲು ಚಾಚಿ ಕೂತಿದ್ದಳು.

"ಯಾವ ಬಟ್ಟೆ ಟ್ರಯಲ್ ಮಾಡ್ತಾ ಇದ್ದೀ?" ಕಾಂತಿಯಕ್ಕ ಕೇಳಿದರು.

"ಬಟ್ಟೆ ಅಲ್ಲ ಅಕ್ಕ. ಸ್ಟೂಲು."

ಅವಳನ್ನು ಅಲ್ಲೇ ಮನೆಗೆ ಕಳಿಸಿದರು. ಗಂಡ ಇಲ್ಲದವಳು, ಬೇರೆ ಸಂಪಾದನೆಯಿಲ್ಲ. ಎರಡು ದಿನ ಬಿಟ್ಟು ಬಂದು ಕ್ಯಾಶ್ ಕೌಂಟರಿನ ಮುಂದೆ ಕೈಮುಗಿದಳು. ಆಗ ಶೇಖರಣ್ಣನ ತಲೆಯಲ್ಲಿ ಕಾರ್ಯಕ್ರಮ ಹುಟ್ಟಿತು. ಅಂಗಡಿಯ ವಾರ್ಷಿಕೋತ್ಸವದಲ್ಲಿ ಧನರಾಜನಿಗೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಅದೇ ವೇದಿಕೆಯಲ್ಲಿ ಸ್ವರ್ಣಲತಾ ಧನರಾಜನ ಕಾಲು ಮುಟ್ಟಿ, ಇನ್ನು ಕೂರುವುದಿಲ್ಲ ಎಂದು ಮಾತು ಕೊಡಬೇಕು. ಕೊಟ್ಟರೆ ಕೆಲಸ ಉಂಟು. ಇಲ್ಲದಿದ್ದರೆ ಇಲ್ಲ.

ನನಗೂ ಒಂದು ಪಾತ್ರವಿತ್ತು. ಧನರಾಜನ ಮಾತು ಹೊರಗಿನವರಿಗೆ ತಿಳಿಯುವುದಿಲ್ಲ. ಅವನು ಮೈಕಿನಲ್ಲಿ ಎಂತದಾದರೂ ಹೇಳಲಿ, ನಾನು ಮಾತ್ರ "ಪ್ರಯತ್ನಪಟ್ಟರೆ ನಿಲ್ಲುವುದು ಅಸಾಧ್ಯವಲ್ಲ ಎನ್ನುತ್ತಿದ್ದಾನೆ" ಎಂದು ಕನ್ನಡದಲ್ಲಿ ಹೇಳಬೇಕು. ಹೇಳಿದರೆ ನಾನು ಸೂಪರ್‌ವೈಸರ್. ಸೂಪರ್‌ವೈಸರಿಗೆ ಕುರ್ಚಿ. ಕುರ್ಚಿ ಆಗಲೇ ಬಂದಿತ್ತು, ಪ್ಲಾಸ್ಟಿಕ್ ಕವರು ತೆಗೆಯದೆ ಲಿಫ್ಟಿನ ಪಕ್ಕ ಇಟ್ಟಿದ್ದರು. ಹೋಗುವಾಗ ಬರುವಾಗ ನಾನು ಅದರ ಕೈಯನ್ನು ಮುಟ್ಟುತ್ತಿದ್ದೆ. ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತು ಎಂದು ಯಾರಿಗೆ ಹೇಳಲಿ? ನಮ್ಮ ಮನೆಯಲ್ಲಿ ಬಂಙ ಎನ್ನುವ ಹಾಗೇ ಇಲ್ಲವಲ್ಲ.

ಸಂಜೆ ಮನೆಗೆ ಬಂದು ಸನ್ಮಾನದ ಸುದ್ದಿ ಹೇಳಿದೆ. ಅಮ್ಮ ದೇವರಿಗೆ ದೀಪ ಹಚ್ಚಿದಳು. ಧನರಾಜ್ ಕೇಳಿದ್ದು, "ಬುಟ್ಟಿಯಲ್ಲಿ ದ್ರಾಕ್ಷಿ ಇರ್ತದಾ?"

"ಇರ್ತದೆ."

"ಸ್ವರ್ಣಕ್ಕ ನನ್ನ ಕಾಲು ಯಾಕೆ ಮುಟ್ಟುದು?"

"ಕೂತದ್ದಕ್ಕೆ."

"ಕೂತದ್ದಕ್ಕಾ?" ಅವನಿಗೆ ಅರ್ಥವಾಗಲಿಲ್ಲ. ಫ್ಲೆಕ್ಸಿನ ವಿಷಯ, ಬೆಳಗಿನ ಮೌನದ ವಿಷಯ ಎಲ್ಲ ಬಿಡಿಸಿ ಹೇಳಿದೆ. ಅವನು ನಕ್ಕ. ಕೆಮ್ಮು ಬರುವವರೆಗೆ ನಕ್ಕ. "ನಾನು ಕೂತದ್ದು ನೋಡಿ ನೀವು ನಿಲ್ಲುದಾ? ಪಿರ್ಕಿಗಳು, ಹುಚ್ಚರು!"

ಆಮೇಲೆ ನಗು ನಿಂತಿತು. ಅವನು ನೆಲದಲ್ಲಿ ತೆವಳಿಕೊಂಡು ಓಡಾಡುವವನು. ನಾವು ಜನರ ಮುಖ ನೋಡುತ್ತೇವೆ, ಅವನ ಕಣ್ಣು ಇರುವುದು ನಮ್ಮ ಕಾಲಿನ ಎತ್ತರದಲ್ಲಿ. ನನ್ನ ಪಾದದ ಹತ್ತಿರ ಬಂದು, ಬೆರಳಿನಿಂದ ಒತ್ತಿದ. ಒತ್ತಿದ ಜಾಗದಲ್ಲಿ ಗುಳಿ ಬಿತ್ತು, ಏಳಲಿಲ್ಲ.

"ನಿನ್ನದೂ ಬಾತಿದೆ."

"ಎಂತ ಇಲ್ಲ."

"ಗುಲ್ಲು" ಎಂದ. ಕೂತುಕೋ. ಅಮ್ಮ ದೀಪದ ಹತ್ತಿರದಿಂದ ತಿರುಗಿ ನೋಡಿದಳು. ನಾನು ಕೂರಲಿಲ್ಲ, ಪಾತ್ರೆ ತೊಳೆಯಲು ಹೋದೆ.

ಕಾರ್ಯಕ್ರಮದ ಹಿಂದಿನ ದಿನ ಸಭಾಭವನದಲ್ಲಿ ರಿಹರ್ಸಲ್. ನಿರೂಪಣೆಗೆ ಮೂಡುಬಿದಿರೆಯಿಂದ ಉಜ್ವಲ್ ಎಂಬವನು ಬಂದಿದ್ದ. ಮನೆಯಲ್ಲಿ ತುಳುವೇ ಮಾತಾಡುವ ಹುಡುಗ, ಆದರೆ ಮೈಕ್ ಕೈಗೆ ಬಂದರೆ ಅವನಿಗೆ ತುಳು ಮರೆತುಹೋಗುತ್ತದೆ. ವೇದಿಕೆಗೆ ಮೆಟ್ಟಿಲುಗಳಿದ್ದವು, ಇಳಿಜಾರು ದಾರಿ ಇರಲಿಲ್ಲ. ಇಬ್ಬರು ಎತ್ತಿದರೆ ಆಯಿತು ಎಂದು ನಾನು ಹೇಳಿದೆ.

"ಎತ್ತಿದ್ರೆ ಎಂತ ಸನ್ಮಾನ?" ಶೇಖರಣ್ಣ ಹೇಳಿದರು. "ಅವನೇ ಹತ್ಬೇಕು. ಜನ ನೋಡ್ಬೇಕು."

ಧನರಾಜ್ ಮೆಟ್ಟಿಲು ನೋಡಿದ. ಬೆನ್ನು ತಿರುಗಿಸಿದ. ಕೈ ಊರಿ, ಅಂಡು ಎತ್ತಿ ಇಟ್ಟು, ಎತ್ತಿ ಇಟ್ಟು, ಟಕಟಕ ಹತ್ತಿ ಮೇಲೆ ಕೂತುಬಿಟ್ಟ. ನಮ್ಮ ಮನೆ ಇರುವುದೇ ಗುಡ್ಡದ ಮೇಲೆ. ಇದು ಅವನ ದಿನದ ದಾರಿ.

ಶೇಖರಣ್ಣನ ಮುಖ ಸಪ್ಪೆಯಾಯಿತು. "ಇಷ್ಟು ಸಲೀಸಾಗಿ ಹತ್ತಿದ್ರೆ ಹೇಗೆ ಮಾರಾಯ? ಜನ ಮೊಬೈಲ್ ತೆಗೀಲಿಕ್ಕಿಲ್ಲ, ಅಷ್ಟರಲ್ಲಿ ಮುಗೀತು. ಚೂರು ಬಂಙ ತೋರಿಸು."

"ಹೇಗೆ ತೋರಿಸುದು?" ಧನರಾಜ್ ನನ್ನನ್ನು ಕೇಳಿದ.

ಉಜ್ವಲ್ ಕಲಿಸಿದ. ನಡು ಮೆಟ್ಟಿಲಲ್ಲಿ ನಿಲ್ಲಬೇಕು, ಅಂದರೆ ಕೂರಬೇಕು. ಮೇಲೆ ನೋಡಬೇಕು. ಹಣೆ ಒರೆಸಬೇಕು. ಬೆವರು ಬಾರದಿದ್ದರೆ ನೀರು ಚಿಮುಕಿಸುವ ಎಂದ. ಧನರಾಜನಿಗೆ ಇದು ಬಹಳ ಖುಷಿಯಾಯಿತು. ಎರಡನೇ ಸಲ ಹತ್ತುವಾಗ ಅವನು ನರಳಿದ ನರಳಾಟಕ್ಕೆ ಸಭಾಭವನದ ವಾಚ್‌ಮನ್ ಓಡಿ ಬಂದ. ಶೇಖರಣ್ಣ ಕರವಸ್ತ್ರ ತೆಗೆದು ಅತ್ತರು. ಸುಳ್ಳು ಬಂಙಕ್ಕೆ ಅಳುವ ಮನುಷ್ಯ. ನಿಜವಾದದ್ದು ಅವರದೇ ಅಂಗಡಿಯ ಎರಡು ಮಹಡಿಯಲ್ಲಿ ಮೆರೂನ್ ಸೀರೆ ಉಟ್ಟು ನಿಂತಿತ್ತು. ಅದಕ್ಕೆ ಒಂದು ಹನಿ ಇರಲಿಲ್ಲ.

ಮರುದಿನ ಸಭಾಭವನ ತುಂಬಿತ್ತು. ಲಕ್ಕಿ ಡ್ರಾ ಇತ್ತಲ್ಲ, ಜನ ಬಾರದೆ ಇರುತ್ತಾರಾ? ಅಮ್ಮ ಮುಂದಿನ ಸಾಲಿನಲ್ಲಿ ಹೊಸ ಸೀರೆಯಲ್ಲಿ ಕೂತಿದ್ದಳು. ನಮ್ಮ ಹುಡುಗಿಯರು ಎರಡೂ ಬದಿಯ ಗೋಡೆಗೆ ಸಾಲಾಗಿ ಗುಲಾಬಿಯ ತಟ್ಟೆ ಹಿಡಿದು ನಿಂತಿದ್ದರು. ಧನರಾಜ್ ಮೆಟ್ಟಿಲು ಹತ್ತಿದ, ಕಲಿಸಿದ್ದಕ್ಕಿಂತ ಹೆಚ್ಚು ನರಳಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು. ವೇದಿಕೆಯ ನೆಲದಲ್ಲಿ ಕೂತವನಿಗೆ ಶಾಲು ಹೊದಿಸಿದರು. ಪೇಟ ಇಟ್ಟರು, ಅದು ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟರು, ಅವನು ಬುಟ್ಟಿಯ ಹಿಂದೆ ಮರೆಯಾದ. ಪಕ್ಕದಲ್ಲಿ ನಾನು ಇನ್ನೊಂದು ಮೈಕ್ ಹಿಡಿದು ನಿಂತಿದ್ದೆ.

"ಈಗ," ಉಜ್ವಲ್ ದನಿ ನಡುಗಿಸಿದ, "ನೆಪಗಳ ಕತ್ತಲಿನಿಂದ ಪ್ರಯತ್ನದ ಬೆಳಕಿನೆಡೆಗೆ ಮರಳಿದ ನಮ್ಮ ಸಹೋದರಿ ಸ್ವರ್ಣಲತಾ!"

ಸ್ವರ್ಣಕ್ಕ ಮೆಟ್ಟಿಲು ಹತ್ತಿದಳು. ಅವಳು ಹತ್ತಿದ್ದನ್ನು ಯಾರೂ ಮೊಬೈಲಿನಲ್ಲಿ ತೆಗೆಯಲಿಲ್ಲ. ಒಂದು ಮೆಟ್ಟಿಲು, ನಿಲ್ಲುವುದು, ಒಂದು ಮೆಟ್ಟಿಲು. ಅವಳು ನಟಿಸುತ್ತಿರಲಿಲ್ಲ. ಧನರಾಜನ ಮುಂದೆ ಬಂದು ಬಗ್ಗಲು ನೋಡಿದಳು. ಮೊಣಕಾಲು ಮಡಚಲಿಲ್ಲ. ಸೀರೆಯನ್ನು ಚೂರು ಎತ್ತಿ ಹಿಡಿದು ಇನ್ನೊಮ್ಮೆ ಬಗ್ಗಿದಳು. ಅರ್ಧಕ್ಕೆ ಸಿಕ್ಕಿಕೊಂಡಳು. ಮೇಲೆಯೂ ಇಲ್ಲ, ಕೆಳಗೂ ಇಲ್ಲ.

ಪೇಟದ ಕೆಳಗಿನಿಂದ, ಬುಟ್ಟಿಯ ಬದಿಯಿಂದ ಧನರಾಜ್ ನೋಡಿದ. ಅವನು ನೋಡಿದ್ದು ಅವಳ ಮುಖವನ್ನಲ್ಲ, ಮೀನಖಂಡವನ್ನು. ಬ್ಯಾಂಡೇಜ್ ಸುತ್ತಿದ ಗಂಟನ್ನು. ಅವನು ಬುಟ್ಟಿಯನ್ನು ತಳ್ಳಿದ. ದ್ರಾಕ್ಷಿಯ ಬುಟ್ಟಿ, ನೆನಪಿಡಿ. ಅದು ಉರುಳಿಹೋಯಿತು.

"ಗುಲ್ಲುಲೆ" ಎಂದ.

ಉಜ್ವಲ್ ಹಾರಿ ಮೈಕ್ ಬಾಯಿಗೆ ತಂದ. "ಗೆಲ್ಲುವೆ! ಕೇಳಿಸಿತೇ ಬಂಧುಗಳೇ? 'ಗೆಲ್ಲುವೆ' ಎನ್ನುತ್ತಿದ್ದಾರೆ ನಮ್ಮ ಧನರಾಜ್!"

ಚಪ್ಪಾಳೆ ಬಿತ್ತು. ಧನರಾಜ್ ತಲೆ ಅಲ್ಲಾಡಿಸಿದ, ಪೇಟ ಬಿತ್ತು. "ಗುಲ್ಲುಲೆ! ಗುಲ್ಲುಲೆ!"

"ಗೆಲ್ಲುವೆ! ಗೆಲ್ಲುವೆ!" ಉಜ್ವಲ್ ಕೂಗಿದ. "ಎಲ್ಲರೂ ಎದ್ದು ನಿಂತು ಗೌರವಿಸೋಣ!"

ಇಡೀ ಸಭೆ ಎದ್ದು ನಿಂತಿತು. ಅವನು ಕೂತುಕೊಳ್ಳಿ ಎಂದಷ್ಟೂ ಜನ ಏಳುತ್ತಾರೆ. ಮುದುಕರು ಕೋಲೂರಿ ಎದ್ದರು. ಎಲ್ಲರೂ ತುಳುವರು, ಹುಟ್ಟಿದಲ್ಲಿಂದ ಕುಲ್ಲುಲೆ ಕೇಳಿದವರು. ಆದರೆ ವೇದಿಕೆಯ ಮೈಕಿನಿಂದ ಮನೆಯ ಮಾತು ಬರುತ್ತದೆ ಎಂದು ಯಾರ ಕಿವಿಯೂ ಕಾಯುತ್ತಿರಲಿಲ್ಲ. ಕಾಂತಿಯಕ್ಕ ಕೂಡ ಎದ್ದರು, ಲಕ್ಷ್ಮಿಯ ಗತಿ ಎಂತ ಆಯಿತೋ. ಧನರಾಜನಿಗೆ ಅಳು ಬರುವ ಹಾಗಾಯಿತು. ಅವನ ಜೀವನದಲ್ಲಿ ಅವನಿಗೆ ಗೊತ್ತಿದ್ದ ಕೆಲಸ ಒಂದೇ, ಬಂದವರನ್ನು ಕೂರಿಸುವುದು. ಮಂಗ ಕೂಡ ಕೇಳಿದ ಮಾತನ್ನು ಇವರು ಯಾರೂ ಕೇಳುತ್ತಿಲ್ಲ.

ಸ್ವರ್ಣಕ್ಕ ಅರ್ಧ ಬಗ್ಗಿದಲ್ಲಿಂದಲೇ ನನ್ನನ್ನು ನೋಡಿದಳು. "ಅವನು ಹೇಳುದು ಎಂತ?"

ಶೇಖರಣ್ಣ ನನಗೆ ಕಣ್ಸನ್ನೆ ಮಾಡಿದರು. ಹೇಳು, ಹೇಳು. ನನ್ನ ಕಣ್ಣಿಗೆ ಕುರ್ಚಿ ಬಂತು. ಪ್ಲಾಸ್ಟಿಕ್ ಕವರು, ತಿರುಗುವ ಚಕ್ರ, ಕೈಯಿಡುವ ಜಾಗ. ನನ್ನ ಕಾಲು ಚಪ್ಪಲಿಯೊಳಗೆ ಬಡಿದುಕೊಳ್ಳುತ್ತಿತ್ತು. ಒಂದು ವಾಕ್ಯ ಹೇಳಿದರೆ ಸಾಕು, ನಾನು ಕೂರಬಹುದು. ನಾನೊಬ್ಬಳು.

ಸಿಟ್ಟು ಬಂತು. ಎಲ್ಲಿತ್ತೋ ಅಷ್ಟು ವರ್ಷ.

"ಗೆಲ್ಲುವೆ ಅಲ್ಲ," ಮೈಕಿನಲ್ಲಿ ಹೇಳಿದೆ. "ಕುಲ್ಲುಲೆ ಅಂದದ್ದು ಅವನು. ಕುಲ್ಲುಲೆ. ನಿಂತವರಿಗೆ ಹೇಳಿದ್ದು. ಸ್ವರ್ಣಕ್ಕ, ನಿಮಗೆ. ಕೂತುಕೊಳ್ಳಿ."

ಸ್ವರ್ಣಕ್ಕ ನೆಲಕ್ಕೆ ಕೈ ಊರಿದಳು. ಮೆಲ್ಲನೆ ಇಳಿದು ಧನರಾಜನ ಪಕ್ಕದಲ್ಲಿ ಕೂತಳು. ಕೂತು, "ಅಬ್ಬಾ" ಎಂದಳು. ನನ್ನ ಮೈಕ್ ಹತ್ತಿರವೇ ಇತ್ತು. ಆ ಅಬ್ಬಾ ನಾಲ್ಕೂ ಸ್ಪೀಕರಿನಲ್ಲಿ ಬಂತು. ನನಗೆ ಆಗದ ಶಬ್ದ ಅದು. ಅಂದು ಆಯಿತು.

ಎಡಗೋಡೆಯ ಹುಡುಗಿಯೊಬ್ಬಳು ತಟ್ಟೆಯನ್ನು ನೆಲದಲ್ಲಿಟ್ಟು ಕೂತಳು. ಅವಳ ಪಕ್ಕದವಳು ಕೂತಳು. ಬಲಗೋಡೆಯಲ್ಲಿ ಕೂತರು. ಸೀರೆಗೆ ಸುಕ್ಕು ಬಿದ್ದರೆ ಬೀಳಲಿ ಎಂದು ಕೂತರು. ಎದ್ದಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿ, ಅವರೂ ಕೂತರು. ನಾನು ವೇದಿಕೆಯ ಅಂಚಿನಲ್ಲಿ ಕೂತು ಚಪ್ಪಲಿ ಬಿಟ್ಟೆ. ನಿಂತದ್ದು ಶೇಖರಣ್ಣ ಮತ್ತು ಉಜ್ವಲ್ ಇಬ್ಬರೇ. ಶೇಖರಣ್ಣನಿಗೆ ದುಬಾಯಿಯ ಅಭ್ಯಾಸ ಉಂಟು, ನಿಲ್ಲಲಿ.

"ಏಳಿ! ಲಕ್ಕಿ ಡ್ರಾ ಉಂಟು, ಅತಿಥಿಗಳಿಗೆ ಹೂ ಕೊಡ್ಲಿಕ್ಕುಂಟು, ಏಳಿ ಎಲ್ಲ!" ಶೇಖರಣ್ಣ ಕೂಗಿದರು. ಯಾರೂ ಏಳಲಿಲ್ಲ. "ಮೋಕ್ಷಿತಾ, ನಾಳೆಯಿಂದ ನೀನು ಬರ್ಬೇಡ. ಸ್ವರ್ಣಲತಾ, ನೀನೂ!"

"ಹಾಗಾದ್ರೆ ನಾವೂ ಇಲ್ಲ ಅಣ್ಣ" ಎಂದು ಗೋಡೆಯ ಕಡೆಯಿಂದ ಒಬ್ಬಳು ಹೇಳಿದಳು. ಕೂತಲ್ಲಿಂದಲೇ ಹೇಳಿದಳು.

ಸಭೆಯ ಹಿಂದಿನಿಂದ ಯಾರೋ ಮುದುಕ, "ಕೂರ್ಲಿ ಮಾರಾಯ್ರೆ, ಎಂತ ಹೋಗ್ತದೆ ನಿಮ್ಮ ಗಂಟು?" ಎಂದ. ನಗು ಎದ್ದಿತು. ಶೇಖರಣ್ಣ ಬೆವರಿದರು. ನೀರು ಚಿಮುಕಿಸುವ ಅಗತ್ಯ ಬೀಳಲಿಲ್ಲ. ಓಡಿ ಬಂದು ಧನರಾಜನ ಮುಂದೆ ಬಗ್ಗಿ, ಅವನ ಬಾಯಿಗೆ ಮೈಕ್ ಹಿಡಿದರು. ಅಂಗಲಾಚಿ ಕೇಳಿದರು.

"ನೀನೇ ಹೇಳು ಮಾರಾಯ. ನಿನ್ನ ಮಾತು ಕೇಳ್ತಾರೆ. ಏಳಿ ಅಂತ ಒಂದೇ ಒಂದು ಮಾತು. ಪ್ರಯತ್ನ ಮಾಡು."

ಧನರಾಜ್ ಯೋಚಿಸಿದ. ಸ್ವರ್ಣಕ್ಕನ ಕಾಲು ನೋಡಿದ, ನನ್ನ ಕಾಲು ನೋಡಿದ, ಶೇಖರಣ್ಣನ ಪಾಲಿಶ್ ಮಾಡಿದ ಬೂಟು ನೋಡಿದ. ಬಾಯಿಯನ್ನು ಮೈಕಿಗೆ ತಂದ. ಒಂದೊಂದೇ ಅಕ್ಷರವನ್ನು ಸರಿಯಾಗಿ ಹೇಳಲು ನಿಜವಾಗಿ ಕಷ್ಟಪಟ್ಟ.

"ಎಂಗ್ ಬಂಙ ಆಪುಂಡು."

ಮುಂದಿನ ಸಾಲಿನಲ್ಲಿ ಅಮ್ಮ ಬಾಯಿಗೆ ಕೈ ಹಿಡಿದಳು. ಅವನು ಹುಟ್ಟಿ ಮೂವತ್ತು ವರ್ಷಕ್ಕೆ ಆ ಶಬ್ದವನ್ನು ತನಗೆಂದು ಹೇಳಿದ್ದು ಅದೇ ಮೊದಲು.

ಉಜ್ವಲ್ ಈ ಸಲ ಬಾಯಿ ಹಾಕಲಿಲ್ಲ. ನನ್ನ ಕಡೆ ನೋಡಿದ. ಕನ್ನಡದಲ್ಲಿ ಹೇಳಬೇಕಾದವಳು ನಾನಲ್ಲವಾ, ಹೇಳಿದೆ.

"ಅವನಿಗೆ ಬಂಙ ಆಗ್ತದಂತೆ," ಎಂದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. "ನನಗೂ ಬಂಙ ಆಗ್ತದೆ."

ಹೇಳಿ, ಬಾತ ಕಾಲುಗಳೆರಡನ್ನೂ ಜನರ ಮುಂದೆ ಚಾಚಿದೆ.